ಡೊಂಬಿವಲಿಯಲ್ಲಿ ಬೋಳಾದ ತೋಳಮಾನವ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿರುವ ನಮ್ಮ ಕನ್ನಡ ಸಂಘದ ನಾಟಕಗಳಲ್ಲಿ ನಾನು ನಾಲ್ಕು ವರ್ಷದಿಂದ ಪರದೆ ಎಳೆಯುತ್ತಿದ್ದೇನೆ. ಒಮ್ಮೆ ಮರದ ಪಾತ್ರ ಸಿಕ್ಕಿತ್ತು. ಮರ ಜಾಸ್ತಿ ಅಲುಗಾಡುತ್ತದೆ ಎಂದು ಅದನ್ನೂ ಕಿತ್ತುಕೊಂಡರು. ಹೀಗಿರುವಾಗ, ಈ ಸಲದ ವೇಷ ಸ್ಪರ್ಧೆಯಲ್ಲಿ ಗೆದ್ದವರಿಗೆ ಮುಂದಿನ ನಾಟಕದಲ್ಲಿ ಮುಖ್ಯ ಪಾತ್ರ ಎಂಬ ಘೋಷಣೆ ಬಂತು. ಬಹುಮಾನ ನನ್ನದೇ ಎಂದು ನಾನು ಆ ಕ್ಷಣವೇ ಅಧಿಕೃತವಾಗಿ ತೀರ್ಮಾನಿಸಿಬಿಟ್ಟೆ!

"ಹುಲಿವೇಷ ಹಾಕು ಮಾರಾಯ," ಎಂದರು ಅಮ್ಮ. ಉಡುಪಿಯವರು. ಅವರ ಪಾಲಿಗೆ ಲೋಕದಲ್ಲಿರುವುದು ಅದೊಂದೇ ವೇಷ.

"ಹುಲಿ ಎಲ್ಲರೂ ಹಾಕ್ತಾರೆ ಅಮ್ಮ. ನಾನು ವೇರ್‌ವುಲ್ಫ್! ಇಂಗ್ಲಿಷ್ ಸಿನಿಮಾದಲ್ಲಿ ಹುಣ್ಣಿಮೆ ದಿನ ಮನುಷ್ಯ ತೋಳ ಆಗ್ತಾನಲ್ಲ, ಅದು."

"ಹುಣ್ಣಿಮೆಗೆ ಮಾತ್ರವಾ? ಉಳಿದ ದಿನ ಎಂತ ಕೆಲಸ ಅವನಿಗೆ?"

ಅರ್ಜಿಯಲ್ಲಿ ವೇಷದ ಹೆಸರು ಕನ್ನಡದಲ್ಲೇ ಇರಬೇಕಂತೆ. 'ತೋಳಮಾನವ' ಎಂದು ಬರೆದೆ. ಕಾರ್ಯದರ್ಶಿ ಶೆಟ್ರು ಕನ್ನಡಕ ಏರಿಸಿದರು. "ತೋಳವಾ, ಮಾನವನಾ? ಪ್ರಾಣಿ ವಿಭಾಗ ಬೇರೆ, ಮನುಷ್ಯ ವಿಭಾಗ ಬೇರೆ. ಅರ್ಧರ್ಧ ಎಲ್ಲ ನಮ್ಮಲ್ಲಿ ನಡೆಯುವುದಿಲ್ಲ."

ಜಗತ್ತನ್ನೇ ನಡುಗಿಸಿದ ಜೀವಿಗೆ ಇವರ ಹತ್ತಿರ ಒಂದು ಕಾಲಮ್ ಇಲ್ಲ! ಹಲ್ಲು ಕಚ್ಚಿಕೊಂಡು 'ಪ್ರಾಣಿ'ಗೆ ಟಿಕ್ ಹಾಕಿದೆ.

ಮೈಮೇಲಿನ ಹಳೆಯ ಸ್ವೆಟರ್‌ಗೂ ಕಿವಿಗೂ ಕಪ್ಪು ಉಣ್ಣೆ ಅಂಟಿಸಿದರೆ ಗೋಂದು ಒಣಗಲು ಮೂರು ಗಂಟೆ ಬೇಕು. ಹಾಗಾಗಿ ಭಾನುವಾರ ಬೆಳಿಗ್ಗೆ ಸಾನಪಾಡಾದ ಮನೆಯಲ್ಲೇ ತೋಳವಾಗಿ ಹೊರಟೆ. ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ, ಡೊಂಬಿವಲಿಗೆ ಹೋಗುವ ಲೋಕಲ್ ರೈಲಿನ ಬಾಗಿಲಲ್ಲಿ ನಿಂತು ಕೋರೆಹಲ್ಲು ತೋರಿಸಿ 'ಗುರ್ರ್' ಎಂದೆ.

"ಕಳವಾ ಉತರ್ನಾ ಹೈ ಕ್ಯಾ? ನಹೀಂ ತೋ ಅಂದರ್ ಸರ್ಕೊ ನಾ ಭಾಯ್!" ಎಂದ ಹಿಂದಿನವನು; ಕಳವಾ ಸ್ಟೇಷನ್ನಿನಲ್ಲಿ ಇಳಿಯದಿದ್ದರೆ ತೋಳವೂ ಒಳಗೆ ಸರಿಯಬೇಕಂತೆ!

ಇನ್ನೊಬ್ಬ ನನ್ನ ಬೆನ್ನಿಗೆ ಒರಗಿ ನಿದ್ದೆಯೇ ಹೋದ. ಮೆತ್ತಗಿತ್ತಂತೆ!

ಸಭಾಂಗಣದ ಬಾಗಿಲಲ್ಲಿ ಅಮ್ಮನ ಗೆಳತಿ ಸರೋಜಕ್ಕ ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದರು. "ಅಯ್ಯೋ, ಕರಡಿ ವೇಷ! ನೋಡದೆ ಎಷ್ಟು ವರ್ಷ ಆಯ್ತು!"

"ಕರಡಿ ಅಲ್ಲ ಅಕ್ಕ, ತೋಳ..."

"ಸುಮ್ಮನಿರು. ಕರಡಿ ಮಾತಾಡ್ಲಿಕ್ಕುಂಟಾ?" ಎನ್ನುತ್ತಾ ನನ್ನ ಎದೆಯಿಂದ ಒಂದು ಹಿಡಿ ಕೂದಲು ಕಿತ್ತರು. "ಪಾಪುಗೆ ತಾಯಿತ ಕಟ್ಟಬೇಕು. ಲಿಫ್ಟ್ ಕಂಡ್ರೆ ಹೆದರ್ತದೆ."

ಊರಿಗೆ ಕರಡಿ ಆಡಿಸುವವರು ಬಂದಾಗ, ಮಕ್ಕಳ ಹೆದರಿಕೆ ಬಿಡಿಸಲು ಅದರ ಕೂದಲಿನ ತಾಯಿತ ಕಟ್ಟುತ್ತಿದ್ದರು, ಸರಿ. ಆದರೆ ಇದು ಅಂಗಡಿಯ ಉಣ್ಣೆ, ಸ್ವಾಮೀ! ಕೇಳುವವರು ಯಾರು? ಕ್ಷಣದಲ್ಲಿ ಸಾಲು ನಿಂತಿತು.

"ನಮ್ಮವನಿಗೆ ಗಣಿತ ಅಂದ್ರೆ ಹೆದರಿಕೆ, ಸ್ವಲ್ಪ ಜಾಸ್ತಿ ಇರ್ಲಿ."

"ಬೆನ್ನಿನದ್ದು ಒಳ್ಳೇದಂತೆ!"

"ಮೇರೆಕೋ ಭೀ ದೋ ನಾ," ಎಂದಳು ಸರೋಜಕ್ಕನ ಸೊಸೆ. "ಕಲ್ ಇಂಟರ್‌ವ್ಯೂ ಹೈ." ನಾಳೆಯ ಸಂದರ್ಶನದ ಹೆದರಿಕೆಗೂ ನನ್ನದೇ ಕೂದಲು!

"ಈಗ ಪ್ರಾಣಿ ವಿಭಾಗದಲ್ಲಿ, ಭಯಂಕರ ತೋಳಮಾನವ!" ಎಂದು ಮೈಕಿನಲ್ಲಿ ಕೂಗಿದಾಗ ವೇದಿಕೆ ಹತ್ತಿದ್ದು, ಗೋಂದಿನ ಕಲೆಯ ಸ್ವೆಟರ್ ತೊಟ್ಟ ಒಬ್ಬ ಬಡಕಲು ಹುಡುಗ. ಕಿವಿಯ ಮೇಲೆ ಮಾತ್ರ ನಾಲ್ಕು ಎಳೆ ಉಳಿದಿದ್ದವು.

ಶೆಟ್ರು ಮೈಕಿನಲ್ಲೇ ಕೇಳಿದರು: "ಪ್ರಾಣಿ ಎಲ್ಲಿ?"

"ನಾನೇ ಸಾರ್!"

"ಪ್ರಾಣಿ ವಿಭಾಗದಲ್ಲಿ ಮನುಷ್ಯರಿಗೆ ಪ್ರವೇಶ ಇಲ್ಲ. ಇಳಿ ಮಾರಾಯ."

ಸಿಟ್ಟು ನೆತ್ತಿಗೇರಿತು. ಕುತ್ತಿಗೆ ಎತ್ತಿ, ಗಂಟಲು ಹರಿಯುವಂತೆ ಊಳಿಟ್ಟೆ. ಒಂದು ಮಗುವೂ ಹೆದರಲಿಲ್ಲ. ಹೇಗೆ ಹೆದರುತ್ತವೆ? ಎಲ್ಲರ ಬಳಿಯೂ ನನ್ನ ಕೂದಲಿತ್ತಲ್ಲ!

ಗೆದ್ದದ್ದು ಹುಲಿವೇಷ.

ಮನೆಗೆ ಬಂದರೆ ಅಮ್ಮ ಕಪ್ಪು ದಾರ ಹಿಡಿದು ಕಾಯುತ್ತಿದ್ದರು. ಬೆಳಿಗ್ಗೆ ಗೋಂದು ಒಣಗುವ ಮೊದಲೇ ಅವರೂ ಒಂದು ಚಿಟಿಕೆ ಕಿತ್ತಿಟ್ಟುಕೊಂಡಿದ್ದರು!

"ಕೈ ಕೊಡು. ನಿನಗೆ ಸ್ಟೇಜ್ ಹತ್ತಿದ್ರೆ ನಡುಕ ಅಲ್ವಾ?"

"ಅಮ್ಮಾ, ಅದು ಉಣ್ಣೆ!"

"ಇರ್ಲಿ. ಕೈ ಕೊಡು."

ಕೊಟ್ಟೆ. ಮೊನ್ನೆ ನಾಟಕವೂ ಆಯಿತು. ಹುಲಿಯವನು ರಾಜನಾಗಿ ಮೆರೆದ. ನಾನಂತೂ ಸತ್ಯವನ್ನೇ ಹೇಳುತ್ತೇನೆ: ಪರದೆ ಎಳೆಯುವಾಗ ನನಗೆ ಒಂದು ಚೂರೂ ಹೆದರಿಕೆಯಾಗಲಿಲ್ಲ!