ಅಪ್ಪ ನುಂಗಿದ ಮಾತ್ರೆ

ರಾಬರ್ಟ್‌ಸನ್‌ಪೇಟೆಯ ಮನೋವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ನಾನು ನರ್ಸು. ಅಲ್ಲೇನು ನಗೋದಿರುತ್ತೆ ಅಂತ ನೆಂಟರು ಕೇಳ್ತಾರೆ. ವಾರಕ್ಕೊಂದಾದರೂ ಇದ್ದೇ ಇರುತ್ತೆ. ಮಾರಿಕುಪ್ಪಂನಿಂದ ಬರುವ ಅಪ್ಪ-ಮಗಳದ್ದೇ ಮೂರು ಹೇಳ್ತೀನಿ. ಅಪ್ಪ ಚಿನ್ನದ ಗಣಿಯಲ್ಲಿ, ಇಲ್ಲಿನವರ ಬಾಯಲ್ಲಿ ಮೈನಿನಲ್ಲಿ, ದುಡಿದವರು, ಮಗಳು ಟೈಲರ್. ಯಾರೂ ಇಲ್ಲದ ಕಡೆ ಅವಳಿಗೆ ದನಿಗಳು ಕೇಳಿಸ್ತಿದ್ದವು. ಡಾಕ್ಟ್ರು ಸ್ಕಿಜೋಫ್ರೇನಿಯಾ ಅಂದರು.

ಯಾವ ಮೈನು?

ಮೊದಲ ದಿನ ಡಾಕ್ಟ್ರು ಅಪ್ಪನಿಗೆ ತಾಳ್ಮೆಯಿಂದ ವಿವರಿಸಿದರು: "ಮಿದುಳಲ್ಲಿ ಡೋಪಮೈನ್ ಅಂತ ಒಂದಿದೆ. ಅದರ ಆಟ ಜಾಸ್ತಿಯಾದರೆ ಹೀಗೆಲ್ಲ ಕೇಳಿಸುತ್ತೆ. ಈ ಮಾತ್ರೆ ಅದನ್ನ ತಡೆಯುತ್ತೆ."

ಅಪ್ಪ ಬೆರಳು ಮಡಚಿ ಎಣಿಸಿ ನೋಡಿದರು. "ಇಪ್ಪತ್ತು ವರ್ಷ ಕೆಳಗಿಳಿದಿದೀನಿ ಸಾರ್. ಆ ಎಸರಿನ ಮೈನು ಇಲ್ಲೆಲ್ಲೂ ಇಲ್ಲ."

ಮೂರು ಭಾಷೆ

"ದನಿಗಳು ಯಾವ ಭಾಷೆಯಲ್ಲಿ ಮಾತಾಡ್ತವಮ್ಮ?" ಅಂತ ಡಾಕ್ಟ್ರು ಕೇಳಿದ್ದಕ್ಕೆ ಮಗಳು, "ಕನ್ನಡ, ತೆಲುಗು, ತಮಿಳು, ಮೂರರಲ್ಲೂ ಬೈತವೆ" ಅಂದಿದ್ದಳು. ತಿಂಗಳು ಮಾತ್ರೆ ತಗೊಂಡು ಬಂದವಳು, "ಕನ್ನಡ, ತೆಲುಗು ನಿಂತೋಯ್ತು. ತಮಿಳು ಮಾತ್ರ ಮೆಲ್ಲಗೆ ಐತೆ" ಅಂದಳು. ಡಾಕ್ಟ್ರು ಖುಷಿಯಾಗಿ ಡೋಸ್ ಸ್ವಲ್ಪ ಏರಿಸಿದರು.

ಅಪ್ಪ ಎದ್ದು ನಿಂತರು. "ನೋಡ್ಕೊಂಡು ಕೊಡಿ ಸಾರ್. ಮನೇಲಿ ನಾನು ಮಾತಾಡೋದೂ ತಮಿಳೇ."

ಬಂಗಾರಪೇಟೆ ಎಲ್ಲೋಯ್ತು?

ಗುಣ ಕಂಡ ಮೇಲೆ ಮಗಳು ಮಾತ್ರೆ ಬಿಟ್ಟಳು. ಕೆಲವು ವಾರಕ್ಕೆ ದನಿಗಳು ವಾಪಸ್ಸು ಬಂದವು. ಮಾತ್ರೆಯಲ್ಲಿ ವಿಷ ಇದೆ ಅಂತ ಹಟ ಹಿಡಿದಳು. ಅಪ್ಪ ಬೇಡಿ ಬೇಡಿ ಸೋತರು. ಒಂದು ಬೆಳಿಗ್ಗೆ, "ವಿಷ ಆದ್ರೆ ಮೊದ್ಲು ನಾನೇ ಓಗ್ತೀನಿ, ನೋಡು" ಅಂತ ಅವಳೆದುರೇ ಒಂದು ನುಂಗಿ, ಬಂಗಾರಪೇಟೆಯ ತಂಗಿ ಮನೆಗೆ ಅಂತ ರೈಲು ಹತ್ತಿದರು.

ಮಾತ್ರೆಗೆ ಕೂತಲ್ಲೇ ನಿದ್ದೆ ಹತ್ತಿತು. ಕಣ್ಣು ಬಿಟ್ಟಾಗ ಬೆಂಗಳೂರು. ಗಾಬರಿಯಾಗಿ ವಾಪಸ್ಸು ರೈಲು ಹತ್ತಿ ಕೂತರು. ಕಣ್ಣು ಬಿಟ್ಟಾಗ ಮಾರಿಕುಪ್ಪಂ. ಬಂಗಾರಪೇಟೆಯನ್ನ ಎರಡು ಸಲ ದಾಟಿದರು, ಒಂದು ಸಲವೂ ನೋಡಲಿಲ್ಲ. ತಂಗಿ ಮನೆಗೂ ತಲುಪಿಲ್ಲ ಅಂತ ಗೊತ್ತಾಗಿ, ಅಪ್ಪ ಸತ್ತೇಹೋದ ಅಂತ ಮಗಳು ಸ್ಟೇಷನ್ನಲ್ಲಿ ಅಳ್ತಾ ಕೂತಿದ್ದಳು.

ಮಾರನೇ ದಿನ ಇಬ್ಬರೂ ಬಂದರು. ಬೇರೆಯವರ ಮಾತ್ರೆ ನುಂಗಬಾರದು ಅಂತ ಡಾಕ್ಟ್ರು ಅಪ್ಪನಿಗೆ ಚೆನ್ನಾಗಿ ಬೈದರು. ಮಗಳು ಅಪ್ಪನ ಜೇಬಿಂದ ಮಾತ್ರೆಯ ಸ್ಟ್ರಿಪ್ಪು ಕಿತ್ತುಕೊಂಡು ನನ್ನ ಹತ್ತಿರ ಬಂದಳು.

"ವಿಷ ಅಲ್ಲ ಅಂತ ಗೊತ್ತಾಯ್ತು ಸಿಸ್ಟರ್, ಇನ್ಮೇಲೆ ದಿನಾ ತಕ್ಕೋತೀನಿ. ಅಪ್ಪನ ಕೈಗೆ ಸಿಗದಂಗೆ ಇದನ್ನ ಎಲ್ಲಿಡ್ಲಿ ಏಳಿ?"