ಕಣದ ಮೂಲೆಯ ಕಂಬ ಮತ್ತು ನಾನು ಸರಿಸಿದ ಬೆಟ್ಟ

ಬಣಕಲ್ ಹತ್ತಿರದ ನಮ್ಮ ಕಾಫಿ ತೋಟದಲ್ಲಿ, ಕಾಫಿ ಒಣಗಿಸುವ ಕಣದ ಮೂಲೆಗೆ ಒಂದು ಉಕ್ಕಿನ ಕಂಬವಿದೆ. ಅದರ ತಲೆಯ ಮೇಲೊಂದು ಜಿಪಿಎಸ್ ಯಂತ್ರ. ಭೂಮಿ ಇಷ್ಟೇ ಇಷ್ಟು ಸರಿದರೂ ಅದಕ್ಕೆ ಗೊತ್ತಾಗುತ್ತದಂತೆ. ಭೂಕಂಪದ ಅಧ್ಯಯನಕ್ಕೆಂದು ಬಂದ ವಿಜ್ಞಾನಿ ಮೇಡಂ, ಆಕಾಶ ಚೆನ್ನಾಗಿ ಕಾಣುವ ಜಾಗ ಕೇಳಿದಾಗ ನಾನೇ ಎದೆಯುಬ್ಬಿಸಿ ಕಣ ತೋರಿಸಿದ್ದೆ. "ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ ಸರ್" ಎಂದರು. "ನನ್ನ ಜವಾಬ್ದಾರಿ!" ಎಂದೆ. ಅಂದಿನಿಂದ ಪೇಟೆಯಲ್ಲಿ ಟೀ ಕುಡಿಯುವಾಗಲೂ ನನ್ನದು ಭೂಗರ್ಭದ್ದೇ ಮಾತು.

ಹಣ್ಣು ಕುಯ್ಲಿನ ಭರಾಟೆ. ಕಣದ ತುಂಬ ಕಾಫಿ ಹರವಿದ್ದಾಗಲೇ ಹಾಳು ಮೋಡ ಕವಿಯಿತು. ಆಗ ಕಾಫಿ ಬೆಳೆಗಾರನ ಕಣ್ಣಿಗೆ ಕಾಣುವುದು ಎರಡೇ: ಟಾರ್ಪಾಲು, ಮತ್ತು ಹಗ್ಗ ಕಟ್ಟಲು ನೆಟ್ಟಗೆ ನಿಂತಿರುವ ಏನಾದರೊಂದು. ಸಿಕ್ಕಿದ್ದಕ್ಕೆ ಎಳೆದು ಬಿಗಿದೆ. ರಾತ್ರಿಯಿಡೀ ಗಾಳಿ ಮಳೆ. ಒಂದು ಕಾಳೂ ನೆನೆಯಲಿಲ್ಲ!

ಬೆಳಿಗ್ಗೆ ಮೇಡಂ ಫೋನು. "ಸರ್, ನಿಮ್ಮ ಯಂತ್ರ ನಿನ್ನೆಯಿಂದ ಪೂರ್ವಕ್ಕೆ ಸರಿದಿದೆ. ನೆಲದಲ್ಲಿ ಬಿರುಕೇನಾದ್ರೂ ಇದ್ಯಾ, ಸ್ವಲ್ಪ ನೋಡ್ತೀರಾ?"

ನೋಡಲು ಪುರುಸೊತ್ತೆಲ್ಲಿ? ಹಣ್ಣು ಕುಯ್ಯುತ್ತಿದ್ದವರ ಬಳಿಗೆ ಓಡಿದೆ. "ಬೆಟ್ಟ ಸರೀತಾ ಇದೆ! ಯಂತ್ರವೇ ಹೇಳ್ತು!"

ಅವರಲ್ಲಿ ಹಿರಿಯಳಾದ ಗಿರಿಜಮ್ಮ ಹಣ್ಣು ತುಂಬುವ ಸೊಂಟದ ಚೀಲ ಬಿಚ್ಚಿ ನನ್ನ ಕೈಗಿಟ್ಟಳು. "ತಗಳಿ ಗೌಡ್ರೇ. ಜೀವ ಇದ್ರೆ ಮುಂದಿನ ವರ್ಷ ಕುಯ್ದು ಕೊಡ್ತೀವಿ."

ಅರ್ಧ ಗಂಟೆಯಲ್ಲಿ ತೋಟ ಖಾಲಿ. ಗಿಡದಲ್ಲಿ ಹಣ್ಣು ಮಾಗಿ ಉದುರುತ್ತಿತ್ತು. ನನ್ನ ಹೆಂಡತಿ ಸುಮಿತ್ರಾ ಸೊಂಟಕ್ಕೆ ಕೈಯಿಟ್ಟು ನಿಂತಳು. "ರೀ, ಮೇಡಂ ಬಿರುಕು ನೋಡಿ ಅಂದ್ರು. ಡಂಗುರ ಸಾರಿ ಅಂದ್ರಾ?"

"ಪ್ರಾಣದ ಪ್ರಶ್ನೆ ಕಣೇ!"

ಮಧ್ಯಾಹ್ನ ಮೇಡಂ ಜೀಪಿನಲ್ಲಿ ಬಂದಿಳಿದರು. ನಾನು ಗಂಭೀರವಾಗಿ ಹಿಂದೆ ಹಿಂದೆ ನಡೆದೆ. ಅವರು ಕಂಬದ ಬಳಿ ನಿಂತು, ಅದಕ್ಕೆ ಬಿಗಿದಿದ್ದ ಟಾರ್ಪಾಲಿನ ಹಗ್ಗವನ್ನು ಮೆಲ್ಲಗೆ ಎತ್ತಿದರು.

"ಇದನ್ನ ಯಾರು ಕಟ್ಟಿದ್ದು ಸರ್?"

ನಾನು ಆಕಾಶ ನೋಡಿದೆ. ಮೇಡಂ ಕೇಳಿದಂಥ ಜಾಗವೇ, ಬಹಳ ಚೆನ್ನಾಗಿ ಕಾಣುತ್ತಿತ್ತು!

"ಇನ್ಯಾರು? ಜವಾಬ್ದಾರಿ ಹೊತ್ತವ್ರೇ!" ಎಂದಳು ಸುಮಿತ್ರಾ. ಮೇಡಂ ನಗು ತಡೆಯಲು ಬಹಳ ಕಷ್ಟಪಟ್ಟರು, ಪಾಪ.

ಗಿರಿಜಮ್ಮನ ಗುಂಪನ್ನು ಕರೆಯಲು ಹೋದರೆ, ಅವರಾಗಲೇ ಪಕ್ಕದ ತೋಟದಲ್ಲಿ ಕುಯ್ಲಿಗೆ ನಿಂತಿದ್ದರು. ಅದೇ ಬೆಟ್ಟದ ಆಚೆ ಮಗ್ಗುಲು! ಅಲ್ಲಿ ಭೂಮಿ ಗಟ್ಟಿಯಂತೆ. ಕೊನೆಗೆ ಆ ಚೀಲವನ್ನು ನಾನೇ ಸೊಂಟಕ್ಕೆ ಕಟ್ಟಿಕೊಂಡೆ. ಈಗ ಬೆಟ್ಟ ಇದ್ದಲ್ಲೇ ಇದೆ, ಕಂಬ ನೆಟ್ಟಗೆ ನಿಂತಿದೆ. ಬಾಗಿರುವುದು ನನ್ನ ಬೆನ್ನು ಮಾತ್ರ. ಅದನ್ನು ಅಳೆಯಲು ಯಂತ್ರವೇನೂ ಬೇಕಿಲ್ಲ, ಸುಮಿತ್ರಾ ದಿನಾ ನೋಡಿ ನಗುತ್ತಾಳೆ.