ನಮ್ಮ ಸತ್ಯ ಸಾಬೂನು

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ದೇಶ ಕಟ್ಟುವ ಕೆಲಸದಲ್ಲಿ ನನ್ನ ಪಾಲು ಇನ್ನೂ ಬಾಕಿ ಇತ್ತು. ಗೋಕಾಕದ ಹತ್ತಿರದ ಹಳ್ಳಿಯೊಂದರಲ್ಲಿ ಮಾಸ್ತರನಾಗಿದ್ದ ನಾನು ಬಹಳ ಯೋಚಿಸಿ, ಸಾಬೂನು ಮಾಡುವುದೆಂದು ತೀರ್ಮಾನಿಸಿದೆ. ಲಾಭಕ್ಕಲ್ಲ, ಧರ್ಮಕ್ಕೆ. ಗಂಡನಿಲ್ಲದ ಹೆಣ್ಣುಮಕ್ಕಳಿಗೆ ಕೆಲಸ ಸಿಗಬೇಕು, ಮಾರುವಾಗ ಯಾರೂ ಒಂದು ಸುಳ್ಳನ್ನೂ ಹೇಳಬಾರದು. ಹೆಸರು, ಸತ್ಯ ಸಾಬೂನು.

ನಮ್ಮೂರ ಮಠದ ಸ್ವಾಮಿಗಳಾದ ಅಜ್ಜಾರು ದಾಸೋಹದ ಕಟ್ಟಿಗೆ ಕೋಣೆ ಬಿಟ್ಟುಕೊಟ್ಟರು. ದರ್ಗಾ ನೋಡಿಕೊಳ್ಳುತ್ತಿದ್ದ ಹಸನಕಾಕಾ ಅಲ್ಲಿನ ಬೇವಿನಮರಗಳ ಬೀಜವನ್ನೆಲ್ಲ ಗಾಣಕ್ಕೆ ಹಾಕಿಸಿ ಎಣ್ಣೆ ಕೊಟ್ಟರು. ಕಾಶವ್ವನೆಂಬ ಗಟ್ಟಿಗಿತ್ತಿಯ ಹಿಂದೆ ಮಠದ ಓಣಿ, ದರ್ಗಾದ ಓಣಿ ಎರಡರ ಹೆಣ್ಣುಮಕ್ಕಳೂ ಹೊಲದ ಕೂಲಿ ಬಿಟ್ಟು ಬಂದರು. ಸಾಬೂನು ಮಾಡುವ ವಿದ್ಯೆ ಬಲ್ಲವನು ನಾನೊಬ್ಬನೇ. ಅದನ್ನು ಒಂದು ಪುಸ್ತಕದಲ್ಲಿ ಅರ್ಧ ಓದಿದ್ದೆ.

ಸ್ವಲ್ಪ ಕಾಸ್ಟಿಕ್ ಸೋಡಾ ಕೊಳೆ ತೆಗೆಯುವುದಾದರೆ ಹೆಚ್ಚು ಸೋಡಾ ಪಾಪವನ್ನೂ ತೆಗೆದೀತೆಂದು ಧಾರಾಳವಾಗಿ ಸುರಿಸಿದೆ. ಕಾಶವ್ವ ಅನುಮಾನದಿಂದ ನೋಡಿದಳು. ನಾನು ವಿಜ್ಞಾನ ಎಂದೆ.

ಹುಕ್ಕೇರಿ ಸಂತೆಯಲ್ಲಿ ಮೊದಲ ಮಾರಾಟ. ನಮ್ಮ ಸಾಬೂನಿನಲ್ಲಿ ಒಗೆದ ಬಟ್ಟೆಯನ್ನೇ ತೊಟ್ಟು ಅಜ್ಜಾರೂ ಕಾಕಾನೂ ಬರಬೇಕೆಂದು ಬೇಡಿಕೊಂಡೆ, ಇಬ್ಬರೂ ಮಾತು ಕೊಟ್ಟರು. ಅಜ್ಜಾರ ಅಷ್ಟೂ ಕಾವಿಯನ್ನೂ ಕಾಕಾ ತಲೆಗೆ ಸುತ್ತುವ ಹಸಿರು ಪಟಕವನ್ನೂ ಭಕ್ತಿಯಿಂದ ನಾನೇ ನೆನೆಹಾಕಿದೆ. ಮರುದಿನ ಬೆಳಿಗ್ಗೆ ಹಗ್ಗದ ಮೇಲೆ ಕಾವಿಯೂ ಇರಲಿಲ್ಲ, ಹಸಿರೂ ಇರಲಿಲ್ಲ. ಎಲ್ಲವೂ ಹಾಲಿನಂತೆ ಬೆಳ್ಳಗೆ!

ಅಜ್ಜಾರು ನಿಲುವಂಗಿಯ ತುದಿ ಹಿಡಿದು ನೋಡಿದರು. “ಮಾಸ್ತರ್ರ, ನಮ್ಮ ಕಾವಿಗೂ ವೈರಾಗ್ಯ ಬಂತಲ್ರಿ,” ಎಂದರು.

ಬೇರೆ ಬಟ್ಟೆ ಇರಲಿಲ್ಲ. ಕೊಟ್ಟ ಮಾತಿಗೆ ತಪ್ಪುವವರೂ ಅವರಲ್ಲ. ಬಿಳಿ ನಿಲುವಂಗಿಯ ಅಜ್ಜಾರು, ಬಿಳಿ ಪಟಕದ ಕಾಕಾ ಬಸ್ಸಿಳಿಯುತ್ತಲೇ ಸಂತೆಯಲ್ಲಿ ಗುಲ್ಲೆದ್ದಿತು. ಅಜ್ಜಾರು ಇಲೆಕ್ಷನ್ನಿಗೆ ನಿಂತಿದ್ದಾರಂತೆ! ಒಬ್ಬ ಮಾಲೆ ಹಾಕಿದ. ಇನ್ನೊಬ್ಬ ತನ್ನೂರಿಗೆ ರಸ್ತೆ ಕೇಳಿದ. ಮತ್ತೊಬ್ಬ, ತವರಿಗೆ ಹೋಗಿ ಕುಳಿತ ಹೆಂಡತಿಯನ್ನು ಸರಕಾರದ ವತಿಯಿಂದ ಕರೆಸಿಕೊಡಬೇಕೆಂದ. ಕಾಕಾನನ್ನು ಏಜೆಂಟನೆಂದು ತಿಳಿದು ಚಹಾ ಕುಡಿಸಿದರು. ತಾವು ನಿಂತಿಲ್ಲವೆಂದು ಅಜ್ಜಾರು ಎಷ್ಟು ಹೇಳಿದರೂ, ನಿಲ್ಲುವವರೆಲ್ಲ ಮೊದಲು ಹಾಗೆಯೇ ಹೇಳುತ್ತಾರೆಂದು ಜನ ತಲೆದೂಗಿದರು.

ಕೊನೆಗೆ ನಾನು ಪೆಟ್ಟಿಗೆಯ ಮೇಲೆ ಹತ್ತಿ ಸತ್ಯವನ್ನೇ ಸಾರಿದೆ. ಇದು ರಾಜಕೀಯವಲ್ಲ, ಸಾಬೂನಿನ ಮಹಿಮೆ. ಇದರಲ್ಲಿ ಒಗೆದರೆ ಯಾವ ಬಣ್ಣವೂ ಉಳಿಯುವುದಿಲ್ಲ ಎಂದೆ. ಇಳಕಲ್ ಸೀರೆಯ ಹೆಂಗಸರು ಸೆರಗು ಬಿಗಿಹಿಡಿದು ಹಿಂದೆ ಸರಿದರು. ಒಂದು ತುಂಡೂ ಮಾರಲಿಲ್ಲ.

ಹೊಳ್ಳಿ ಬರುವಾಗ ಬಸ್ಸಿನಲ್ಲಿ ನನ್ನನ್ನು ನಂಬಿ ಕೂಲಿ ಬಿಟ್ಟು, ಮಾರಲು ಜೊತೆಗೆ ಬಂದಿದ್ದ ಹೆಣ್ಣುಮಕ್ಕಳ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಆಗ ಕಾಕಾ ತಮ್ಮ ಪಟಕ ಸವರಿಕೊಳ್ಳುತ್ತ ಕೇಳಿದರು: “ಬಣ್ಣಾನ ತಿಂದದ್ದು ಮಸಿ ಬಿಡತೈತೇನ್ರಿ?”

ಮರುದಿನವೇ ಹೆಣ್ಣುಮಕ್ಕಳು ದಾಸೋಹದ ಹಂಡೆಗಳಿಗೆ ಸಾಬೂನು ಹಚ್ಚಿದರು. ಅಜ್ಜಾರ ಗುರುಗಳ ಕಾಲದ ಮಸಿ ಕಳಚಿ ತಾಮ್ರ ಹೊಳೆಯಿತು. ಅಂಕಲಗಿ, ಮೂಡಲಗಿಗಳಿಂದ ಮದುವೆ ಅಡುಗೆಯವರು ಹುಡುಕಿಕೊಂಡು ಬಂದರು. ಕೈ ಸುಡದಷ್ಟು ಸೋಡಾ ಇಳಿಸಿ, ಬಟ್ಟೆಗೆ ಹಚ್ಚಬೇಡಿರೆಂದು ಸತ್ಯವನ್ನೇ ಹೇಳಿ, ಹೆಣ್ಣುಮಕ್ಕಳು ವ್ಯಾಪಾರ ನಡೆಸಿದರು.

ಪರಊರಿನವರು ಕೆಲಸ ನೋಡಲು ಬಂದರೆ ಕಾಶವ್ವ ನನ್ನನ್ನೂ ಗೌರವದಿಂದ ತೋರಿಸುತ್ತಾಳೆ.

“ಇದನ್ನ ಶುರು ಮಾಡಿದವರು ಇವರಽ. ಭಾಳ ಹೊತ್ತು ಬಾಜೂ ನಿಲ್ಲಬ್ಯಾಡ್ರಿ, ಮತ್ತೇನರ ವಿಚಾರ ಹೇಳ್ತಾರ.”